ಕಡಿಮೆ ಖರ್ಚಿನಲ್ಲಿ ಸೆಮಿ-ಆಟೊಮ್ಯಾಟಿಕ್ ಶಾಟ್‌ಗನ್ ಅನ್ನು ಟ್ರ್ಯಾಪ್ ಸ್ಪರ್ಧೆಗೆ ಸಜ್ಜು ಮಾಡಬಹುದೇ?

ಹಾನಗಲ್ ಹೈದ:
ಎಲ್ಲರಿಗೂ ನಮಸ್ಕಾರ. ನಾನು ಹಾನಗಲ್ ತಾಲ್ಲೂಕಿನವನು, ಸದ್ಯ ಹುಬ್ಬಳ್ಳಿಯಲ್ಲಿ ನೌಕರಿ. ಇಲ್ಲಿಯ ಕ್ಲಬ್ಬಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತ ಬಂದಿದ್ದೇನೆ. ಈಗ ಹಾರುವ ತಟ್ಟೆಗೆ ಗುರಿಯಿಡುವ ಟ್ರ್ಯಾಪ್ ಸ್ಪರ್ಧೆಯ ಕಡೆಗೆ ಮನಸ್ಸು ವಾಲಿದೆ. ಇಟಲಿಯಲ್ಲಿ ತಯಾರಾದ, ಒಂದರ ಮೇಲೊಂದು ನಳಿಗೆಯಿರುವ ಬಂದೂಕಿನ ಬೆಲೆ ಕೇಳಿದ ಮೇಲೆ ಆ ಮಾತನ್ನೇ ಬಿಟ್ಟೆ. ಅಮೆರಿಕದವರು ಹಾಕುವ ವಿಡಿಯೊಗಳಲ್ಲಿ ಮಾತ್ರ ಹಳೆಯ ಸೆಮಿ-ಆಟೊಮ್ಯಾಟಿಕ್ ಒಂದನ್ನು ಅಗ್ಗದಲ್ಲಿ ಕೊಂಡು, ಅಲ್ಲಿಷ್ಟು ಇಲ್ಲಿಷ್ಟು ಸರಿಪಡಿಸಿ ಸ್ಪರ್ಧೆಗೆ ಇಳಿಯುವವರು ಬಹಳ ಜನ ಕಾಣುತ್ತಾರೆ. ನಮ್ಮಲ್ಲಿಯೂ ಹಾಗೆ ಮಾಡಬಹುದೇ, ಮಾಡುವುದಾದರೆ ಮೊದಲು ಯಾವುದಕ್ಕೆ ಹಣ ಹಾಕಬೇಕು? ಮನೆಯಲ್ಲಿ ಅಪ್ಪನ ಹೆಸರಿಗೆ, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ, ಅಜ್ಜನ ಕಾಲದ ಜೋಡಿ ನಳಿಗೆಯ 12 ಬೋರ್ ಬಂದೂಕೂ ಇದೆ. ಅದು ಹಂದಿ ಬೆದರಿಸುವುದಕ್ಕಷ್ಟೇ ಲಾಯಕ್ಕೋ, ಸ್ಪರ್ಧೆಗೂ ಬರುತ್ತದೆಯೋ ತಿಳಿಸಿ.

ಉಣಕಲ್ ದಂಡೆ:
ನಿಮ್ಮ ಬಜೆಟ್ ಎಷ್ಟೆಂದು ಹೇಳದೆ ಕಡಿಮೆ ಖರ್ಚು ಎಂದರೆ ಯಾರು ಏನು ಹೇಳಲು ಸಾಧ್ಯ?

ಬ್ಯಾಡಗಿ ಖಾರ:
ಇದು ರಾಜಮನೆತನದವರ ಆಟ. ಸಂಬಳದಾರರು ಏರ್ ರೈಫಲ್ಲಿನಲ್ಲೇ ಇದ್ದರೆ ಮನೆಯಲ್ಲಿ ನೆಮ್ಮದಿ ಇರುತ್ತದೆ.

ವಕೀಲ, ಧಾರವಾಡ:
ಖರ್ಚಿನ ಮಾತು ಆಮೇಲಾಗಲಿ, ಮೊದಲು ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ಪಿಸ್ತೂಲುಗಳನ್ನು ಬಿಟ್ಟು ಉಳಿದ ಸೆಮಿ-ಆಟೊಮ್ಯಾಟಿಕ್ ಬಂದೂಕುಗಳನ್ನು ಒಂದನೆಯ ವರ್ಗಕ್ಕೆ, ಅಂದರೆ ನಿರ್ಬಂಧಿತ ವರ್ಗಕ್ಕೆ ಸೇರಿಸಲಾಗಿದೆ. 20 ಇಂಚಿಗಿಂತ ಗಿಡ್ಡ ನಳಿಗೆಯ ಚರೆ ಬಂದೂಕುಗಳೂ ಅದೇ ಸಾಲಿನಲ್ಲಿವೆ. ಈ ವರ್ಗದ ಲೈಸೆನ್ಸ್ ಹಾವೇರಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವಂಥದ್ದಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ವಿಷಯ. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಬೇರೆ ದಾರಿಗಳಿವೆ, ಆದರೆ ಈಗ ತಾನೇ ಶುರು ಮಾಡುವವರು ಆ ದಾರಿಯಲ್ಲಿ ಹೋಗುವುದು ಕಷ್ಟ. ಅಮೆರಿಕದಲ್ಲಿ ಅಗ್ಗವಾದದ್ದು ನಮ್ಮಲ್ಲಿ ಅಗ್ಗವಾಗುವುದಿಲ್ಲ ಎಂಬುದನ್ನು ಮನಸ್ಸಿಗೆ ತಂದುಕೊಂಡು ಮುಂದಿನ ಲೆಕ್ಕ ಹಾಕಿರಿ.

ಅಪ್ಪನ ಬಂದೂಕಿನ ಬಗ್ಗೆಯೂ ಒಂದು ಮಾತು. ಲೈಸೆನ್ಸ್ ಅವರ ಹೆಸರಿಗಿದೆ, ಉದ್ದೇಶ ಬೆಳೆ ರಕ್ಷಣೆ ಎಂದಿದೆ, ವ್ಯಾಪ್ತಿ ಬಹುಶಃ ಜಿಲ್ಲೆ ಅಥವಾ ರಾಜ್ಯಕ್ಕೆ ಸೀಮಿತವಾಗಿದೆ. ಅದನ್ನು ಹೆಗಲಿಗೇರಿಸಿಕೊಂಡು ನೀವೊಬ್ಬರೇ ಟ್ರ್ಯಾಪ್ ರೇಂಜ್ ಇರುವ ಹೈದರಾಬಾದಿನ ರೈಲು ಹತ್ತಿದರೆ ಅದು ಅಪರಾಧ. ನಿಮ್ಮ ಹೆಸರಿಗೆ ಕ್ರೀಡೆಯ ಉದ್ದೇಶದ ಲೈಸೆನ್ಸ್ ಮಾಡಿಸಿಕೊಳ್ಳಿ, ರೈಫಲ್ ಕ್ಲಬ್ಬಿನ ಸದಸ್ಯತ್ವದ ಕಾಗದವನ್ನು ಅರ್ಜಿಗೆ ಲಗತ್ತಿಸಿ, ಇಡೀ ದೇಶಕ್ಕೆ ವ್ಯಾಪ್ತಿ ಕೇಳಿ.

ಬೆಟಗೇರಿಯಿಂದ ಡಲ್ಲಾಸ್:
ವಕೀಲರ ಮಾತು ಸರಿ ಇದೆ. ಆದರೂ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಉಳಿಯಬಾರದು ಎಂದು ಬರೆಯುತ್ತಿದ್ದೇನೆ. ನಾನು ಗದಗ-ಬೆಟಗೇರಿಯವನು; ಇಲ್ಲಿ ಟೆಕ್ಸಾಸಿನಲ್ಲಿ ಬಿಡುವಿದ್ದಾಗ ಬೇರೊಬ್ಬರು ಬಳಸಿ ಮಾರಿದ ಸೆಮಿ-ಆಟೊಮ್ಯಾಟಿಕ್ ಬಂದೂಕಿನಿಂದಲೇ ತಟ್ಟೆ ಹೊಡೆಯುತ್ತೇನೆ.

ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ನಳಿಗೆಯ ಸಣ್ಣ ರಂಧ್ರಗಳಿಂದ ಹೊರಬರುವ ಗ್ಯಾಸ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆದು, ಮುಂದಿನದನ್ನು ಒಳಗೆ ತರುತ್ತದೆ. ಇನ್ನೊಂದರಲ್ಲಿ ಬಂದೂಕು ಭುಜಕ್ಕೆ ಒದೆಯುವ ಜೋರಿನಿಂದಲೇ ಆ ಕೆಲಸ ನಡೆಯುತ್ತದೆ. ಭುಜಕ್ಕೆ ಪೆಟ್ಟು ಕಡಿಮೆ ಎಂದು ಜನ ಹೊಗಳುವುದು ಹೆಚ್ಚಾಗಿ ಮೊದಲನೆಯದನ್ನು. ಅದರ ರೋಗವೂ ಅಲ್ಲಿಯೇ ಇದೆ: ಸ್ಪರ್ಧೆಯ 24 ಗ್ರಾಂ ತೋಟಾ ಹಗುರವಾದದ್ದು, ರಂಧ್ರಗಳಲ್ಲಿ ಮಸಿ ಕಟ್ಟಿಕೊಂಡರೆ ಅದರ ಗ್ಯಾಸ್ ಸಾಲದೆ ಖಾಲಿ ತೋಟಾ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಹೊಸ ಭಾಗ ಕೊಳ್ಳುವ ಮುಂಚೆ ಆ ರಂಧ್ರಗಳನ್ನು ತೆಳುವಾದ ಬ್ರಶ್ಶಿನಿಂದ ಬಿಡಿಸಿ, ಪಿಸ್ಟನ್ನಿನ ಮೇಲಿನ ಮಸಿಯನ್ನು ಒರೆಸಿ ತೆಗೆಯಬೇಕು. ಎಣ್ಣೆ ಸುರಿದಷ್ಟೂ ಒಳ್ಳೆಯದು ಎಂದು ತಿಳಿದವರು ಬಹಳ. ಪಿಸ್ಟನ್ನಿನ ಸುತ್ತ ಉಳಿದ ಎಣ್ಣೆ ಬಿಸಿಗೆ ಸುಟ್ಟು ಅಂಟಾಗುತ್ತದೆ. ಆ ಜಾಗವನ್ನು ಒಣಗಿದಂತೆ ಒರೆಸಿಯೇ ಜೋಡಿಸಬೇಕು. 1963ರಲ್ಲಿ ಬಂದ ರೆಮಿಂಗ್ಟನ್ 1100ರಂಥ ಮಾದರಿಗಳಲ್ಲಿ ಗ್ಯಾಸ್ ಸೋರದಂತೆ ತಡೆಯುವ ಒಂದು ರಬ್ಬರ್ ಉಂಗುರವಿದೆ. ಚಿಲ್ಲರೆ ಬೆಲೆಯ ಆ ಉಂಗುರ ಸೀಳಿದರೆ ಇಡೀ ಬಂದೂಕು ಕೈಕೊಡುತ್ತದೆ.

ಇದಾದ ಮೇಲೆ ನಾನು ಮಾಡಿಸಿದ್ದು ಇಷ್ಟೇ: ದಣಿದ ಸ್ಪ್ರಿಂಗು ಬದಲಿಸಿದೆ, ಸ್ಟಾಕಿಗೂ (ಭುಜಕ್ಕೆ ಒತ್ತುವ ಹಿಂಬದಿಯ ಕಟ್ಟಿಗೆಗೂ) ಯಂತ್ರಭಾಗಕ್ಕೂ ನಡುವೆ ತೆಳುವಾದ ಬಿಲ್ಲೆ ಸೇರಿಸಿ ಕೆನ್ನೆಯ ಎತ್ತರ ಹೊಂದಿಸಿಕೊಂಡೆ, ಹಿಂಬದಿಗೆ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿದೆ. ಟ್ರಿಗರಿಗೆ ಕೈ ಹಚ್ಚಲಿಲ್ಲ. ಉಳಿದ ಹಣವೆಲ್ಲ ತೋಟಾಕ್ಕೆ ಹೋಯಿತು.

ಮುಳಗುಂದ ನಾಕಾ:
ಸೆಮಿ-ಆಟೊ ಆಗದಿದ್ದರೆ ಮುಂಗೈ ಹಿಡಿಕೆಯನ್ನು ಹಿಂದೆ-ಮುಂದೆ ಎಳೆದು ತೋಟಾ ಏರಿಸುವ, ನಮ್ಮ ಸರ್ಕಾರಿ ಕಾರ್ಖಾನೆಯ ಪಂಪ್ ಆಕ್ಷನ್ ಇದೆಯಲ್ಲ, ಅದನ್ನು ತೆಗೆದುಕೊಳ್ಳಲಿ. ಅದಕ್ಕೆ ಜಿಲ್ಲೆಯಲ್ಲೇ ಲೈಸೆನ್ಸ್ ಸಿಗುತ್ತದೆ, ಅಗ್ಗವೂ ಹೌದು.

ನಿವೃತ್ತ ಸುಬೇದಾರ, ನರಗುಂದ:
ಸಿಗುತ್ತದೆ ತಮ್ಮಾ, ಆದರೆ ಅದನ್ನು ಹಿಡಿದುಕೊಂಡು ಸ್ಪರ್ಧೆಯ ಮೈದಾನಕ್ಕೆ ಹೋದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್ನಿನ ನಿಯಮದಲ್ಲಿ 12 ಬೋರಿಗಿಂತ ದೊಡ್ಡದಲ್ಲದ ಎಲ್ಲ ಬಗೆಯ ನುಣುಪು ನಳಿಗೆಯ ಬಂದೂಕುಗಳಿಗೂ ಅವಕಾಶವಿದೆ, ಸೆಮಿ-ಆಟೊಮ್ಯಾಟಿಕ್ಕಿಗೂ ಇದೆ, ಪಂಪ್ ಆಕ್ಷನ್ನಿಗೆ ಮಾತ್ರ ಇಲ್ಲ. ಬಂದೂಕಿಗೆ ತೂಗುಪಟ್ಟಿ ಕೂಡ ಇರಬಾರದು. ನಮ್ಮ ರಾಷ್ಟ್ರೀಯ ರೈಫಲ್ ಸಂಸ್ಥೆಯೂ ಟ್ರ್ಯಾಪ್ ಸ್ಪರ್ಧೆಯನ್ನು ಈ ನಿಯಮಗಳ ಮೇಲೆಯೇ ನಡೆಸುತ್ತದೆ.

ಸೆಮಿ-ಆಟೊದ ಬಗ್ಗೆ ಇಷ್ಟೊಂದು ಆಸೆ ಏಕೆಂಬುದೇ ನನಗೆ ತಿಳಿಯುತ್ತಿಲ್ಲ. ಟ್ರ್ಯಾಪಿನಲ್ಲಿ ಒಂದು ತಟ್ಟೆಗೆ ಎರಡು ಗುಂಡಿನ ಅವಕಾಶವಿದೆ. ಎರಡನೆಯ ಗುಂಡು ಹೊರಡುವ ಹೊತ್ತಿಗೆ ತಟ್ಟೆ ಮತ್ತಷ್ಟು ದೂರ ಹೋಗಿರುತ್ತದೆ. ಜೋಡಿ ನಳಿಗೆಯಲ್ಲಿ ಒಂದನ್ನು ಸ್ವಲ್ಪ ಸಡಿಲ ಚೋಕಿನದು, ಇನ್ನೊಂದನ್ನು ಬಿಗಿ ಚೋಕಿನದು ಇಟ್ಟುಕೊಳ್ಳಬಹುದು (ಚೋಕ್ ಎಂದರೆ ಚರೆ ಬೇಗ ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದಾಗಿಸಿರುವುದು). ಒಂದೇ ನಳಿಗೆಯ ಯಂತ್ರಕ್ಕೆ ಈ ಅನುಕೂಲವಿಲ್ಲ. ಅದರ ಮೇಲೆ, ಪ್ರತಿ ಗುಂಡಿಗೂ ಖಾಲಿ ತೋಟಾ ಬಲಕ್ಕೆ ಹಾರಿ ಪಕ್ಕದವನ ಕಿವಿಯ ಬಳಿ ಹೋಗುತ್ತದೆ. ಜೋಡಿ ನಳಿಗೆಯನ್ನು ಮಡಿಚಿ ಹಿಡಿದರೆ ಅದರಲ್ಲಿ ತೋಟಾ ಇಲ್ಲವೆಂಬುದು ದೂರದಿಂದಲೇ ಎಲ್ಲರ ಕಣ್ಣಿಗೂ ಬೀಳುತ್ತದೆ.

ಬೆಟಗೇರಿಯಿಂದ ಡಲ್ಲಾಸ್:
ಸುಬೇದಾರರೇ, ಹಾರುವ ತೋಟಾ ತಡೆಯಲು ಸಣ್ಣ ಕ್ಲಿಪ್ಪು ಸಿಗುತ್ತದೆ, ಅದೊಂದು ನೆಪ. ಚೋಕಿನ ಮಾತನ್ನು ಮಾತ್ರ ಒಪ್ಪುತ್ತೇನೆ.

ಹಾನಗಲ್ ಹೈದ:
ವಕೀಲರ ಮಾತು ಓದಿದ ಮೇಲೆ ಸೆಮಿ-ಆಟೊ ವಿಷಯ ಅಲ್ಲಿಗೆ ಮುಗಿಯಿತು. ಉಣಕಲ್ ದಂಡೆಯವರೇ, ಬಜೆಟ್ ಎಂದರೆ ಒಂದು ಸೆಕೆಂಡ್ ಹ್ಯಾಂಡ್ ಬೈಕಿನಷ್ಟು, ಅದಕ್ಕಿಂತ ಮೇಲೆ ಒಂದು ಪೈಸೆಯೂ ಇಲ್ಲ. ಸುಬೇದಾರ ಕಾಕಾ, ಹಾಗಾದರೆ ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ, ಅಪ್ಪನ ಬಂದೂಕನ್ನೇ ಕಾನೂನಿನಂತೆ ವರ್ಗಾಯಿಸಿಕೊಂಡು ಸಜ್ಜು ಮಾಡಬಹುದೇ? ನಳಿಗೆಗಳು ಅಕ್ಕಪಕ್ಕದಲ್ಲಿವೆ, ಮೇಲೆ-ಕೆಳಗೆ ಇಲ್ಲ.

ನಿವೃತ್ತ ಸುಬೇದಾರ, ನರಗುಂದ:
ಮಾಡಬಹುದು, ಆದರೆ ಮೊದಲು ನೋಡಬೇಕಾದದ್ದು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗದ, ಉದ್ದ. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಬಹಳಷ್ಟಕ್ಕೆ ಎರಡೂವರೆ ಇಂಚಿನ, ಅಂದರೆ ಸುಮಾರು 65 ಮಿಲಿಮೀಟರಿನ ಚೇಂಬರ್ ಇರುತ್ತದೆ; ಈಗಿನ ಸ್ಪರ್ಧೆಯ ತೋಟಾಗಳು ಬಹುತೇಕ 70 ಮಿಲಿಮೀಟರಿನವು. ಉದ್ದದ ತೋಟಾ ಗಿಡ್ಡ ಚೇಂಬರಿನಲ್ಲಿ ಸುಲಭವಾಗಿ ಕೂತುಬಿಡುತ್ತದೆ, ಮೋಸ ಇರುವುದೇ ಅಲ್ಲಿ. ಗುಂಡು ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಚಪ್ಪಟೆ ತಳದಲ್ಲಿ ಕೆತ್ತಿರುವ ಮುದ್ರೆಗಳನ್ನು ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರಿಗೆ ತೋರಿಸಿ, ಗೇಜು ಹಾಕಿ ಅಳೆಯಿಸಿ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ. ಅದನ್ನು ಗೋಡೆಗೆ ತೂಗುಹಾಕಿ, ಅದರಲ್ಲಿ ಗುಂಡು ಹಾರಿಸಬೇಡಿ.

ಎರಡನೆಯದು ಬಿಗಿ. ಮುಂಗೈ ಕಟ್ಟಿಗೆಯನ್ನು ಕಳಚಿ, ಬಂದೂಕನ್ನು ಮುಚ್ಚಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಎಂದು ಆಡಿದರೆ ಅಥವಾ ಬೆಳಕಿಗೆ ಹಿಡಿದಾಗ ನಳಿಗೆಗೂ ಹಿಂಬದಿಯ ತಟ್ಟಿಗೂ ನಡುವೆ ಗೆರೆಯಂತೆ ಬೆಳಕು ಕಂಡರೆ ಕೀಲು ಸವೆದಿದೆ ಎಂದರ್ಥ. ಅದು ಸರಿಯಾಗದೆ ಬೇರೆ ಯಾವುದಕ್ಕೂ ಹಣ ಹಾಕಬೇಡಿ.

ಮುಂಡರಗಿ ಗಾಳಿ:
ನಮ್ಮ ಮನೆಯ ಬಂದೂಕಿಗೆ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾಗಳನ್ನೇ ಮೊದಲಿನಿಂದ ಹಾಕುತ್ತ ಬಂದಿದ್ದೇವೆ. ಸ್ಪರ್ಧೆಗೆ ಅದೇ ನಡೆಯುವುದಿಲ್ಲವೇ?

ನವಲೂರಿನ ಅಕ್ಕ:
ಹೊಲಕ್ಕೆಂದು ತಂದ ಎಸ್‌ಜಿ, ಬಿಬಿಯಂಥ ದಪ್ಪ ಚರೆಯ ತೋಟಾಗಳು ನಡೆಯುವುದೇ ಇಲ್ಲ. ಸ್ಪರ್ಧೆಯ ತೋಟಾದಲ್ಲಿ ಚರೆಯ ತೂಕ 24 ಗ್ರಾಂ ಮೀರಬಾರದು, ಅಳತೆಯ ವ್ಯತ್ಯಾಸಕ್ಕೆಂದು ಅರ್ಧ ಗ್ರಾಂ ಬಿಡುತ್ತಾರೆ. ಒಂದೊಂದು ಚರೆ 2.6 ಮಿಲಿಮೀಟರಿಗಿಂತ ದಪ್ಪ ಇರಬಾರದು. 2.4 ಮಿಲಿಮೀಟರಿನ ಚರೆಯಾದರೆ ಒಂದು ತೋಟಾದಲ್ಲಿ ಸುಮಾರು 300 ಇರುತ್ತವೆ. ಅದೇ ಬೇಕಾದದ್ದು, ಏಕೆಂದರೆ ತಟ್ಟೆ ಬರೀ 110 ಮಿಲಿಮೀಟರ್ ಅಗಲ. ದಪ್ಪ ಚರೆ ಹತ್ತೆಂಟು ಹೋದರೆ ನಡುವಿನ ಖಾಲಿ ಜಾಗದಲ್ಲಿ ತಟ್ಟೆ ನುಸುಳಿಕೊಂಡು ಹೋಗುತ್ತದೆ.

ನಾನು ಟ್ರ್ಯಾಪ್ ಆಡುವವಳು, ಹಾಗಾಗಿ ಸುಬೇದಾರರು ಬಿಟ್ಟ ಒಂದು ಮಾತು ಹೇಳುತ್ತೇನೆ. ಹೊಲದ ಬಂದೂಕು ನೋಡಿದಲ್ಲಿಗೇ ಹೊಡೆಯುತ್ತದೆ, ಟ್ರ್ಯಾಪ್ ಬಂದೂಕು ನೋಡಿದ್ದಕ್ಕಿಂತ ತುಸು ಮೇಲೆ ಹೊಡೆಯಬೇಕು. ತಟ್ಟೆ ನಿಮ್ಮ ಮುಂದಿನ 15 ಮೀಟರ್ ದೂರದ ಕಂದಕದಿಂದ ಚಿಮ್ಮಿ ಮೇಲೇರುತ್ತ ದೂರ ಹೋಗುತ್ತದೆ. ಬಂದೂಕು ಮಟ್ಟಸ ಹೊಡೆದರೆ ನೀವು ತಟ್ಟೆಯನ್ನು ನಳಿಗೆಯ ಹಿಂದೆ ಮುಚ್ಚಿಕೊಂಡು ಅಂದಾಜಿನಲ್ಲಿ ಟ್ರಿಗರ್ ಒತ್ತಬೇಕಾಗುತ್ತದೆ. ಇದಕ್ಕೆ ಅಗ್ಗದ ಪರಿಹಾರ ಸ್ಟಾಕಿನ ಮೇಲಂಚನ್ನು, ಅಂದರೆ ಕೆನ್ನೆ ಕೂರುವ ಜಾಗವನ್ನು, ಎತ್ತರಿಸುವುದು. ಕಣ್ಣಿನಿಂದ ನಳಿಗೆಯ ತುದಿಯ ಗುರಿಮಣಿಗೆ ಸುಮಾರು ಒಂದು ಮೀಟರ್ ಎಂದುಕೊಂಡರೆ, ಕೆನ್ನೆಯನ್ನು 3 ಮಿಲಿಮೀಟರ್ ಎತ್ತಿದಾಗ 35 ಮೀಟರ್ ದೂರದಲ್ಲಿ ಪೆಟ್ಟು ಸುಮಾರು 10 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಹೆಚ್ಚೂಕಡಿಮೆ ಒಂದು ತಟ್ಟೆಯ ಅಗಲ. ತೆಳುವಾದ ಫೆಲ್ಟ್ ಪಟ್ಟಿಗಳನ್ನು ಒಂದರ ಮೇಲೊಂದು ಟೇಪಿನಿಂದ ಅಂಟಿಸಿ ನೋಡುತ್ತ ಹೋಗಿ. ಎತ್ತರ ಖಚಿತವಾದ ಮೇಲೆ ಬಡಿಗರ ಹತ್ತಿರ ಹೋದರಾಯಿತು.

ಲಕ್ಷ್ಮೇಶ್ವರದ ಬಡಿಗ:
ಅಕ್ಕನವರು ನಮ್ಮನ್ನು ನೆನೆದದ್ದಕ್ಕೆ ಶರಣು. ಸಾಗವಾನಿಯ ತುಂಡು ಕೊಟ್ಟು ಅಳತೆ ಹೇಳಿದರೆ ಒಂದು ಮಧ್ಯಾಹ್ನದ ಕೆಲಸ. ಕಬ್ಬಿಣದ ಭಾಗವನ್ನು ಮಾತ್ರ ನಮ್ಮ ಅಂಗಡಿಗೆ ತರಬೇಡಿ, ಸ್ಟಾಕನ್ನಷ್ಟೇ ಬಿಚ್ಚಿ ತನ್ನಿ.

ವಕೀಲ, ಧಾರವಾಡ:
ಇದು ನಗುವ ಮಾತಲ್ಲ, ಸರಿಯಾದ ಮಾತು. ಬಂದೂಕಿನ ಯಂತ್ರಭಾಗದ ರಿಪೇರಿಗೆ ಲೈಸೆನ್ಸ್ ಇದ್ದವರೇ ಬೇಕು. ಹಾಗೆಯೇ ಉದ್ದ ಹೆಚ್ಚಾಯಿತೆಂದು ನಳಿಗೆಯನ್ನು ಕತ್ತರಿಸಲು ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೆಯ ಕಲಮಿನ ಪ್ರಕಾರ ಅದಕ್ಕೇ ಪ್ರತ್ಯೇಕ ಅನುಮತಿ ಬೇಕು.

ಬ್ಯಾಡಗಿ ಖಾರ:
ಬಂದೂಕು ಪುಗಸಟ್ಟೆ, ಪಟ್ಟಿ ಚಿಲ್ಲರೆ ಕಾಸಿಗೆ ಆಯಿತು. ತೋಟಾಗಳ ಖರ್ಚು ಯಾರಪ್ಪ ಕೊಡುತ್ತಾನೆ? ಒಂದು ಸುತ್ತಿಗೆ 25 ತಟ್ಟೆ, ತಟ್ಟೆಗೆ ಎರಡು ಗುಂಡು. ದಿನಕ್ಕೆ ನಾಲ್ಕು ಸುತ್ತು ಆಡಿದರೆ 200 ತೋಟಾ ಖಲಾಸ್. ನಾನು ಮೊದಲೇ ಹೇಳಿದೆ.

ನವಲೂರಿನ ಅಕ್ಕ:
ಖಾರದವರೇ, ನಿಮ್ಮ ಗುಣಾಕಾರ ಸರಿ, ಆಟದ ತಿಳಿವಳಿಕೆ ಸಾಲದು. ಮೊದಲ ಗುಂಡಿಗೇ ತಟ್ಟೆ ಪುಡಿಯಾದರೆ ಎರಡನೆಯದು ಬಂದೂಕಿನಲ್ಲೇ ಉಳಿಯುತ್ತದೆ. ಹಾಗಿದ್ದರೂ ತೋಟಾ ದುಬಾರಿ ಎಂಬುದು ಸುಳ್ಳಲ್ಲ; ಅದಕ್ಕೆಂದೇ ಕಲಿಯುವವರ ಅಭ್ಯಾಸದಲ್ಲಿ ದೊಡ್ಡ ಪಾಲು ತೋಟಾ ಇಲ್ಲದೆ ಮನೆಯಲ್ಲೇ ನಡೆಯುತ್ತದೆ. ಕೋಣೆಯಲ್ಲಿ ಒಂದೂ ಜೀವಂತ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಂದೂಕು ಮಡಿಚಿ ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಡಮ್ಮಿ ತೋಟಾ ಹಾಕಿ, ನಳಿಗೆಯ ಬಾಯಲ್ಲಿ ಪೆನ್ನಿನ ಗಾತ್ರದ ಟಾರ್ಚ್ ಸಿಕ್ಕಿಸಿಕೊಳ್ಳಿ. ಗೋಡೆಯೂ ಚಾವಣಿಯೂ ಕೂಡುವ ಗೆರೆಯ ಮೇಲೆ ಆ ಬೆಳಕಿನ ಚುಕ್ಕೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಸಿ. ಬಂದೂಕನ್ನು ಭುಜಕ್ಕೆ ಏರಿಸುವಾಗ ಚುಕ್ಕೆ ಗೆರೆ ಬಿಟ್ಟು ಕುಣಿದರೆ ನಿಮ್ಮ ಕೆನ್ನೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತಿದೆ ಎಂದರ್ಥ. ಚರೆ ಬಂದೂಕಿಗೆ ಹಿಂಬದಿಯ ಸೈಟ್ ಇಲ್ಲ, ನಿಮ್ಮ ಕಣ್ಣೇ ಆ ಸೈಟ್. ಏರ್ ರೈಫಲ್ಲಿನಿಂದ ಬಂದವರು ಮಣಿಯನ್ನು ದಿಟ್ಟಿಸುತ್ತ ನಿಲ್ಲುತ್ತಾರೆ, ಆ ಚಟ ಬಿಡಿಸುವುದಕ್ಕೂ ಇದೇ ಮದ್ದು.

ಉಣಕಲ್ ದಂಡೆ:
ಎರಡೂ ಕಣ್ಣು ತೆರೆದಿರಬೇಕೋ, ಒಂದೇ ಸಾಕೋ?

ನವಲೂರಿನ ಅಕ್ಕ:
ಸಾಧ್ಯವಿದ್ದರೆ ಎರಡೂ. ಆದರೆ ಮೊದಲು ಯಾವ ಕಣ್ಣು ಪ್ರಬಲ ಎಂದು ನೋಡಿಕೊಳ್ಳಿ. ಎರಡೂ ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಗಡಿಯಾರವನ್ನು ನೋಡುತ್ತ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ಪ್ರಬಲ. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ, ಕನ್ನಡಕದ ಎಡಗಾಜಿನ ಮೇಲೆ ಮಣಿ ಕಾಣುವ ಜಾಗಕ್ಕೆ ಮಬ್ಬು ಟೇಪಿನ ಸಣ್ಣ ತುಂಡು ಅಂಟಿಸಿದರೆ ಸಾಕಾಗುತ್ತದೆ.

ಮುಳಗುಂದ ನಾಕಾ:
ಹೊಲದಲ್ಲಿ ಹಾಸಿಗೆಯ ಬಿಳಿ ಚಾದರ ಕಟ್ಟಿ ಎರಡು ಗುಂಡು ಹಾರಿಸಿದರೆ ಚರೆ ಎಲ್ಲಿ ಬೀಳುತ್ತದೆ ಎಂಬುದು ತಿಳಿಯುವುದಿಲ್ಲವೇ? ಅದಕ್ಕಾಗಿ ಹೈದರಾಬಾದಿಗೇ ಹೋಗಬೇಕೇ?

ವಕೀಲ, ಧಾರವಾಡ:
ಬೇಡ ಮಾರಾಯರೇ. ಪರೀಕ್ಷೆಗೆಂದು ಹೊಲದಲ್ಲಿ ಹಾರಿಸಿದ ಗುಂಡಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಕಾವಲಾಗುವುದಿಲ್ಲ.

ನಿವೃತ್ತ ಸುಬೇದಾರ, ನರಗುಂದ:
ಕಾನೂನು ಒತ್ತಟ್ಟಿಗಿರಲಿ, ಅಷ್ಟು ಸಣ್ಣ ಚರೆಯೂ 200 ಮೀಟರಿನ ಆಸುಪಾಸಿನವರೆಗೆ ಹೋಗಿ ಬೀಳುತ್ತದೆ. ಹತ್ತಿ ಬಿಡಿಸುವವರು ಆಚೆಯ ಹೊಲದಲ್ಲಿ ಇದ್ದಾರೋ ಇಲ್ಲವೋ ಯಾರು ಕಂಡರು? ಚಾದರದ ಉಪಾಯ ಒಳ್ಳೆಯದೇ, ಅದನ್ನು ರೇಂಜಿನಲ್ಲಿ ಅನುಮತಿ ಕೇಳಿ ಮಾಡಿ. ಹೈದರಾಬಾದಿನ ಗಚ್ಚಿಬೌಲಿಯ ರೇಂಜಿಗೆ ಹೋಗುವುದು ಹೇಗೂ ತಪ್ಪುವುದಿಲ್ಲ. ದೊಡ್ಡ ಕಾಗದದ ನಡುವೆ ಗುರುತು ಹಾಕಿ, 35 ಮೀಟರಿನಿಂದ ಒಂದೊಂದು ನಳಿಗೆಗೂ ಬೇರೆ ಬೇರೆ ಕಾಗದ ಇಟ್ಟು ಹಾರಿಸಿ. ಬಿಗಿಯಾದ ಫುಲ್ ಚೋಕ್ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಶೇಕಡಾ 70ರಷ್ಟು ಚರೆ ಹಾಕುತ್ತದೆ, ಹಾಫ್ ಚೋಕ್ ಶೇಕಡಾ 60ರಷ್ಟು, ಚೋಕೇ ಇಲ್ಲದ ನಳಿಗೆ ಶೇಕಡಾ 40ರಷ್ಟು. ನಿಮ್ಮ ಅಜ್ಜನ ಬಂದೂಕಿನಲ್ಲಿ ಬಲ ನಳಿಗೆ ಸಡಿಲ, ಎಡ ನಳಿಗೆ ಬಿಗಿ ಇರುವ ಸಂಭವವೇ ಹೆಚ್ಚು. ಎರಡೂ ನಳಿಗೆಗಳ ಪೆಟ್ಟು ಒಂದೇ ಕಡೆ ಬೀಳದಿದ್ದರೆ ಮಾತ್ರ ಆ ಬಂದೂಕನ್ನು ಸ್ಪರ್ಧೆಗೆ ಬಿಟ್ಟುಬಿಡಿ, ಅದನ್ನು ಸರಿಪಡಿಸುವ ಖರ್ಚಿಗೆ ಬೇರೆಯದೇ ಬರುತ್ತದೆ.

ಬೆಟಗೇರಿಯಿಂದ ಡಲ್ಲಾಸ್:
ಒಂದು ಭಿನ್ನಾಭಿಪ್ರಾಯ. ಅಕ್ಕಪಕ್ಕದ ನಳಿಗೆಯ ಹಳೆಯ ಬಂದೂಕು ಮೂರು ಕಿಲೋ ಇದ್ದರೆ ಹೆಚ್ಚು. ಟ್ರ್ಯಾಪಿನವು ಮೂರೂವರೆ ಕಿಲೋ ದಾಟಿರುತ್ತವೆ. ಹಗುರ ಬಂದೂಕು ಬೇಗ ತಿರುಗುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ, ನಾಲ್ಕು ಸುತ್ತಿಗೆ ಭುಜವೂ ಕೆಂಪಾಗುತ್ತದೆ. ಇದರಿಂದ ಕಲಿಯಬಹುದು, ಪದಕದ ಆಸೆ ಬೇಡ.

ನಿವೃತ್ತ ಸುಬೇದಾರ, ನರಗುಂದ:
ಪದಕ ಯಾರು ಕೇಳಿದರು? ರಾಷ್ಟ್ರೀಯ ಸ್ಪರ್ಧೆಗೆ ಮುಂಚೆ ನಡೆಯುವ ಮಾವಳಂಕರ್ ಸ್ಪರ್ಧೆಯ ಅರ್ಹತೆ ಮುಟ್ಟಿದರೆ ಆ ಹುಡುಗನ ಬೆನ್ನು ತಟ್ಟೋಣ. ತೂಕ ಬೇಕಿದ್ದರೆ ಸ್ಟಾಕಿನೊಳಗಿನ ರಂಧ್ರಕ್ಕೆ ಸೀಸದ ತುಂಡು ಸೇರಿಸಿ, ರಬ್ಬರ್ ಪ್ಯಾಡ್ ಹಾಕಿಸಿ. ನನ್ನ ತಕರಾರಿರುವುದು ಕಿವಿಯ ಬಗ್ಗೆ. ಇಷ್ಟು ಹೊತ್ತು ಯಾರೂ ಅದರ ಹೆಸರೆತ್ತಲಿಲ್ಲ. 12 ಬೋರಿನ ಸದ್ದು 140 ಡೆಸಿಬಲ್ ದಾಟುತ್ತದೆ. ಬಜೆಟ್ಟಿನ ಮೊದಲ ರೂಪಾಯಿ ಕಿವಿಗೆ ಹಾಕುವ ಮಫ್‌ಗೆ, ಎರಡನೆಯದು ಕನ್ನಡಕಕ್ಕೆ ಹೋಗಲಿ. ಪಲ್ಟನ್ನಿನಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ, ಈಗ ಮನೆಯವಳು ಕರೆದದ್ದು ಪಕ್ಕದ ಮನೆಯವರಿಗೆ ಮೊದಲು ಕೇಳಿಸುತ್ತದೆ.

ಹಾನಗಲ್ ಹೈದ:
ಎಲ್ಲರಿಗೂ ಶರಣು. ನಿನ್ನೆ ಅಪ್ಪನೇ ನಳಿಗೆ ಬಿಚ್ಚಿ ತೋರಿಸಿದರು, ಸುರುಳಿ ಗೆರೆ ಇಲ್ಲ, ತಳದಲ್ಲಿ ಎರಡೂ ಮುಕ್ಕಾಲು ಇಂಚು (70 ಮಿಲಿಮೀಟರ್) ಎಂಬ ಮುದ್ರೆ ಇದೆ, ಅಲ್ಲಾಡುವುದೂ ಇಲ್ಲ. ಗೇಜು ಹಾಕಿಸಲು ರಿಪೇರಿಯವರ ಹತ್ತಿರ ಅಪ್ಪನ ಜೊತೆಗೇ ಹೋಗುತ್ತೇನೆ. ಒಂದೇ ಸಂಶಯ ಉಳಿದಿದೆ: ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಲ್ಲ, ಆಗ ಅಭ್ಯಾಸದ ಗತಿ ಏನು?

ವಕೀಲ, ಧಾರವಾಡ:
ಕ್ರೀಡಾಪಟುಗಳು ಸ್ಪರ್ಧೆಯ ಪ್ರವೇಶಪತ್ರ ತೋರಿಸಿ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು. ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರೆಗೆ ಆ ಮಾತು ನಡೆಯುವುದು ಕಷ್ಟ. ಠೇವಣಿ ಇಡುವ ದಿನ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಡಿ. ಮಳೆಗಾಲದಲ್ಲಿ ಠಾಣೆಯ ಕೋಣೆಯಲ್ಲಿ ಬಿದ್ದರೆ ತುಕ್ಕು ಹಿಡಿಯುತ್ತದೆ. ರಸೀದಿಯಲ್ಲಿ ಬಂದೂಕಿನ ನಂಬರು ಲೈಸೆನ್ಸ್ ಪುಸ್ತಕದಲ್ಲಿದ್ದಂತೆಯೇ ಬರೆಸಿಕೊಂಡು, ಅಲ್ಲೇ ನಿಂತು ತಾಳೆ ನೋಡಿಕೊಂಡು ಹೊರಡಿ.